ವಾಲ್ಟರ್ ಟಲ್‌ಗೆ ಬಾರದ ಪದಕ

ಸರ್ಕಾರದ ನಿಯಮಗಳು ಎರಡು ಬಗೆಯಲ್ಲಿ ಸಡಿಲಗೊಳ್ಳುತ್ತವೆ ಎಂಬುದು ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರಿಗೆಲ್ಲ ಗೊತ್ತು. ಒಂದು, ತಿದ್ದುಪಡಿಯಾಗಿ, ಅಧಿಸೂಚನೆ ಹೊರಟು, ಗೆಜೆಟ್‌ನಲ್ಲಿ ಅಚ್ಚಾಗಿ ಸಡಿಲಗೊಳ್ಳುವುದು. ಇನ್ನೊಂದು, ನಿಯಮ ಪುಸ್ತಕದಲ್ಲಿ ಹಾಗೆಯೇ ಇದ್ದು, ಅವಸರದ ಕಾಲದಲ್ಲಿ ಯಾರೂ ಆ ಪುಟವನ್ನು ತೆರೆಯದಿರುವುದು. ಈ ಎರಡನೆಯ ಬಗೆಯಲ್ಲಿ ಮೇಲೆ ಬಂದವನ ಪಾಡು ವಿಚಿತ್ರವಾದದ್ದು. ನಾನು ಸೇವೆಯಲ್ಲಿದ್ದಾಗ, ಬರಗಾಲದ ಕಾಮಗಾರಿಗಳ ಒತ್ತಡದಲ್ಲಿ, ನಿಗದಿತ ವಿದ್ಯಾರ್ಹತೆಯಿಲ್ಲದ ಒಬ್ಬ ಸಮರ್ಥ ನೌಕರನನ್ನು ಮೇಲ್ವಿಚಾರಕನನ್ನಾಗಿ ಮಾಡಲಾಗಿತ್ತು. ಆತ ಹದಿನಾಲ್ಕು ವರ್ಷ ದುಡಿದ. ಯಾರೂ ಏನೂ ಕೇಳಲಿಲ್ಲ. ನಿವೃತ್ತಿಯ ಹೊತ್ತಿಗೆ ಆಡಿಟ್‌ನವರು ಆ ಪುಟವನ್ನು ತೆರೆದರು. ಬೇಕಾದಾಗ ಕಾಣದೆ ಹೋಗಿದ್ದ ನಿಯಮ, ಕೊಡಬೇಕಾದಾಗ ಎದ್ದು ಕಂಡಿತು.

ಬ್ರಿಟಿಷ್ ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್‌ನ ಬದುಕನ್ನು ಕುರಿತು ಓದುವಾಗಲೆಲ್ಲ ನನಗೆ ಆ ಕಡತ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಈತನಿಗೆ ಮೂವತ್ತು ತುಂಬಲು ಒಂದು ತಿಂಗಳು ಬಾಕಿಯಿತ್ತು. ಇಂದು ಇಂಗ್ಲೆಂಡಿನಲ್ಲಿ ಆತನ ಹೆಸರಿನಲ್ಲಿ ಸ್ಮಾರಕವಿದೆ, ರಸ್ತೆಯಿದೆ. 2014ರಲ್ಲಿ ಐದು ಪೌಂಡಿನ ನಾಣ್ಯವೂ ಹೊರಬಂದಿತು. 2021ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಗೌರವ ಪಟ್ಟಿಗೆ ಆತನನ್ನು ಸೇರಿಸಲಾಯಿತು. ಆದರೆ ಆತನಿಗೆ ಬರಬೇಕಿತ್ತೆಂದು ಹೇಳಲಾಗುವ ಒಂದು ಪದಕ ಮಾತ್ರ ಬಂದಿಲ್ಲ.

ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಫೋಕ್‌ಸ್ಟನ್‌ನಲ್ಲಿ. ತಂದೆ ಡೇನಿಯಲ್ ಟಲ್ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಆತನ ಹೆತ್ತವರು ಕಬ್ಬಿನ ತೋಟಗಳ ಗುಲಾಮಗಿರಿಯನ್ನು ಕಂಡ ತಲೆಮಾರಿನವರು. ತಾಯಿ ಆಲಿಸ್ ಪಾಮರ್ ಕೆಂಟ್ ಪ್ರಾಂತ್ಯದ ಬಿಳಿಯ ಹೆಣ್ಣುಮಗಳು. 1895ರಲ್ಲಿ ತಾಯಿ ತೀರಿಕೊಂಡಳು. ಡೇನಿಯಲ್ ಆಕೆಯ ಸಂಬಂಧಿಯಾದ ಕ್ಲಾರಾಳನ್ನು ಮದುವೆಯಾದ. ಎರಡೇ ವರ್ಷಗಳಲ್ಲಿ ಅವನೂ ಹೋದ. ಮನೆ ತುಂಬ ಮಕ್ಕಳು, ದುಡಿಯುವ ಕೈ ಇಲ್ಲ. ಮಲತಾಯಿ ಕೆಟ್ಟವಳೆಂದು ಯಾರೂ ಹೇಳಿಲ್ಲ. ಲೆಕ್ಕ ಕೂಡಿಬರಲಿಲ್ಲ, ಅಷ್ಟೆ. 1898ರಲ್ಲಿ ವಾಲ್ಟರ್ ಮತ್ತು ಅವನ ಅಣ್ಣ ಎಡ್ವರ್ಡ್, ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟ್ ಪಂಥದ ಅನಾಥಾಲಯವನ್ನು ಸೇರಿದರು.

ಅಣ್ಣತಮ್ಮಂದಿರು ಅಲ್ಲಿಯೂ ಬಹುಕಾಲ ಜೊತೆಗಿರಲಿಲ್ಲ. ಗ್ಲಾಸ್ಗೋದ ವಾರ್ನಾಕ್ ಎಂಬ ದಂತವೈದ್ಯ ಕುಟುಂಬವು ಎಡ್ವರ್ಡ್‌ನನ್ನು ದತ್ತು ಪಡೆಯಿತು. ಆತ ಮುಂದೆ ತಾನೂ ದಂತವೈದ್ಯನಾದ. ಬ್ರಿಟನ್ನಿನಲ್ಲಿ ಆ ವೃತ್ತಿ ನಡೆಸಿದ ಮೊದಲ ಕಪ್ಪುವರ್ಣೀಯರಲ್ಲಿ ಅವನೊಬ್ಬ. ವಾಲ್ಟರ್ ಅನಾಥಾಲಯದಲ್ಲೇ ಉಳಿದು ಅಚ್ಚುಕೂಟದ ಕೆಲಸ ಕಲಿತ, ಅಲ್ಲಿನ ತಂಡದಲ್ಲಿ ಚೆಂಡು ಒದೆಯುವುದನ್ನೂ ಕಲಿತ. ದೂರವಾದ ಅಣ್ಣನ ಜೊತೆಗಿನ ನಂಟು ಮಾತ್ರ ಕೊನೆಯವರೆಗೂ ಕಡಿಯಲಿಲ್ಲ. ವಾಲ್ಟರ್ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಬಹುಪಾಲು, ಎಡ್ವರ್ಡ್‌ನ ಮನೆಯವರು ಜೋಪಾನ ಮಾಡಿದ ಕಾಗದಪತ್ರಗಳಿಂದಲೇ ಬಂದದ್ದು. ಇತಿಹಾಸಕಾರ ಫಿಲ್ ವಸಿಲಿ ಅವನ್ನು ಹುಡುಕಿ ಬರೆಯುವವರೆಗೆ, ಸುಮಾರು ಎಂಟು ದಶಕ ಕಾಲ, ಫುಟ್‌ಬಾಲ್ ಜಗತ್ತು ಈ ಹೆಸರನ್ನು ಮರೆತೇಬಿಟ್ಟಿತ್ತು.

1908ರಲ್ಲಿ ಆತ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ತಂಡಕ್ಕೆ ಆಡತೊಡಗಿದ. ಆ ಋತುವಿನಲ್ಲಿ ಕ್ಲ್ಯಾಪ್ಟನ್ ಇಂಗ್ಲೆಂಡಿನ ಹವ್ಯಾಸಿ ತಂಡಗಳ ಕಪ್ ಗೆದ್ದಿತು. ಮರುವರ್ಷವೇ ಟಾಟನ್‌ಹ್ಯಾಂ ಹಾಟ್‌ಸ್ಪರ್ ಅವನನ್ನು ವೃತ್ತಿಪರ ಆಟಗಾರನನ್ನಾಗಿ ತೆಗೆದುಕೊಂಡಿತು; ಬೇಸಗೆಯಲ್ಲಿ ತಂಡದೊಂದಿಗೆ ಅರ್ಜೆಂಟೀನಾ ಮತ್ತು ಉರುಗ್ವೆ ಪ್ರವಾಸಕ್ಕೂ ಹೋಗಿಬಂದ. ಸಹಿ ಹಾಕಿದ್ದಕ್ಕೆ ಹತ್ತು ಪೌಂಡು, ವಾರಕ್ಕೆ ನಾಲ್ಕು ಪೌಂಡು ಸಂಬಳ. ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಏಕೆಂದರೆ ಆಗಿನ ಫುಟ್‌ಬಾಲ್ ಸಂಸ್ಥೆ ಆಟಗಾರರ ವೇತನಕ್ಕೆ ಮಿತಿ ಹಾಕಿತ್ತು. 1901ರಲ್ಲಿ ಬಂದ ಆ ಪದ್ಧತಿ ಹೋದದ್ದು 1961ರಲ್ಲಿ. ಕನಿಷ್ಠ ಕೂಲಿ ಗೊತ್ತುಮಾಡುವ ಕಾನೂನುಗಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಓದುತ್ತಾರೆ. ಗರಿಷ್ಠ ಕೂಲಿಯನ್ನು ಗೊತ್ತುಮಾಡಿ ಅರವತ್ತು ವರ್ಷ ನಡೆಸಿದ ಉದ್ಯಮ ಅಪರೂಪ. ಜೊತೆಗೆ, ಒಪ್ಪಂದ ಮುಗಿದರೂ ಕ್ಲಬ್ ಬಿಡದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಇಷ್ಟಾದರೂ ಅನಾಥಾಲಯದಿಂದ ಬಂದ ಹುಡುಗನೊಬ್ಬನಿಗೆ ವಾರಕ್ಕೆ ನಾಲ್ಕು ಪೌಂಡು ದೊಡ್ಡ ಮೊತ್ತವೇ. ನುರಿತ ಕುಶಲಕರ್ಮಿಗೂ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು.

ಟಾಟನ್‌ಹ್ಯಾಂ ಆ ವರ್ಷವಷ್ಟೇ ಮೊದಲ ದರ್ಜೆಗೆ ಏರಿತ್ತು. ಸೆಪ್ಟೆಂಬರಿನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಟಲ್ ಮೊದಲ ಪಂದ್ಯ ಆಡಿದ. ನಂತರ ತವರು ಮೈದಾನದಲ್ಲಿ, ಮೂವತ್ತು ಸಾವಿರಕ್ಕೂ ಮಿಕ್ಕ ಜನರ ಎದುರು, ಕಪ್ ವಿಜೇತ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಡಿ ಮೆಚ್ಚುಗೆ ಗಳಿಸಿದ. ಪತ್ರಿಕೆಗಳು ಹೊಗಳಿದವು. ವೇಗಕ್ಕಿಂತ ಬುದ್ಧಿಯಿಂದ, ಚೆಂಡನ್ನು ಹದವಾಗಿ ದಾಟಿಸುತ್ತ ಆಡುವ ಮುಂಚೂಣಿ ಆಟಗಾರ ಎಂದು ಬರೆದವು.

ಅಕ್ಟೋಬರ್ 2ರಂದು ಬ್ರಿಸ್ಟಲ್‌ನಲ್ಲಿ ಪಂದ್ಯ. ಪ್ರೇಕ್ಷಕರ ಒಂದು ಗುಂಪು ಟಲ್‌ನ ಬಣ್ಣವನ್ನು ಹಿಡಿದು ಬೈಗುಳದ ಸುರಿಮಳೆ ಸುರಿಸಿತು. ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆಯ ವರದಿಗಾರ ಅದನ್ನು ಮುಚ್ಚಿಡದೆ ಬರೆದ. ಮೀನು ಮಾರುಕಟ್ಟೆಯ ಭಾಷೆಗಿಂತಲೂ ಕೀಳಾದ ಮಾತುಗಳು ಕೇಳಿಬಂದವೆಂದ. ಮೈದಾನದಲ್ಲಿದ್ದ ಎಲ್ಲರಿಗಿಂತ ಸಭ್ಯನಾಗಿ, ಎಲ್ಲರಿಗಿಂತ ಚೆನ್ನಾಗಿ ಆಡಿದವನು ಟಲ್‌ನೇ ಎಂದ. ಮನಸ್ಸಿನಲ್ಲೂ ಆಟದಲ್ಲೂ ಆತ ಎಷ್ಟು ನಿರ್ಮಲನೆಂದರೆ ಫುಟ್‌ಬಾಲ್ ಆಡುವ ಬಿಳಿಯರಿಗೆಲ್ಲ ಮಾದರಿ ಎಂಬರ್ಥದ ಮಾತನ್ನೂ ಸೇರಿಸಿದ. ಆ ಕಾಲಕ್ಕೆ ಅದು ಧೈರ್ಯದ ಬರಹವೇ. ಆದರೂ ಆ ಹೊಗಳಿಕೆಯಲ್ಲಿ ಒಂದು ಮುಳ್ಳಿದೆ. ಬೈಗುಳ ತಿಂದವನು ನಿರ್ದೋಷಿಯೆಂದು ತೋರಿಸಲು ಅವನು ಎಲ್ಲರಿಗಿಂತ ಶ್ರೇಷ್ಠನಾಗಿರಲೇಬೇಕಾಯಿತು, ಸಾಧಾರಣ ಆಟಗಾರನಾಗಿದ್ದರೆ? ಈ ಪ್ರಶ್ನೆ ನಮ್ಮ ಊರುಗಳಿಗೆ ಅಪರಿಚಿತವೇನಲ್ಲ.

ಅದಾದ ಕೆಲವೇ ದಿನಗಳಲ್ಲಿ ಟಲ್ ಮೊದಲ ತಂಡದಿಂದ ಹೊರಬಿದ್ದು ಮೀಸಲು ತಂಡ ಸೇರಿದ. ಆಟ ಕುಗ್ಗಿತ್ತೆಂದು ಕೆಲವರೂ, ಗಲಾಟೆ ಕ್ಲಬ್ಬಿಗೆ ಮುಜುಗರ ತಂದಿತ್ತೆಂದು ಕೆಲವರೂ ವಾದಿಸುತ್ತಾರೆ. ಎರಡು ವರ್ಷಗಳಲ್ಲಿ ಟಾಟನ್‌ಹ್ಯಾಂ ಪರ ಆತ ಆಡಿದ ಲೀಗ್ ಪಂದ್ಯಗಳು ಹತ್ತು, ಹೊಡೆದ ಗೋಲು ಎರಡು. ಅಷ್ಟು ಬೇಗನೆ ಮೆಚ್ಚಿದ ಆಟಗಾರನನ್ನು ಅಷ್ಟು ಬೇಗನೆ ಕೈಬಿಟ್ಟದ್ದಕ್ಕೆ ಆಟದ ಕಾರಣವೊಂದೇ ಸಾಲದೆಂದು ನನಗೆ ಅನ್ನಿಸುತ್ತದೆ.

1911ರ ಅಕ್ಟೋಬರಿನಲ್ಲಿ ಅವನನ್ನು ಕೊಂಡದ್ದು ಸದರ್ನ್ ಲೀಗಿನ ನಾರ್ತಾಂಪ್ಟನ್ ಟೌನ್. ಅಲ್ಲಿನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಲೀಗ್ ಚಾಂಪಿಯನ್ನರನ್ನಾಗಿಸಿ, ಆಧುನಿಕ ಫುಟ್‌ಬಾಲ್ ವ್ಯವಸ್ಥಾಪಕರ ಆದಿಪುರುಷನೆನಿಸಿಕೊಂಡವನು. ಅಂಥವನ ಕಣ್ಣು ಸುಮ್ಮನೆ ಟಲ್‌ನ ಮೇಲೆ ಬಿದ್ದಿರಲಾರದು. ಇಲ್ಲಿ ಟಲ್ ನಿಧಾನವಾಗಿ ಮುಂಚೂಣಿಯಿಂದ ಹಾಫ್‌ಬ್ಯಾಕ್ ಜಾಗಕ್ಕೆ ಸರಿದ. ಒಂದು ಪಂದ್ಯದಲ್ಲಿ ಬ್ರಿಸ್ಟಲ್ ರೋವರ್ಸ್ ವಿರುದ್ಧ ನಾಲ್ಕು ಗೋಲು ಹೊಡೆದದ್ದೂ ಉಂಟು. ನೂರಕ್ಕೂ ಹೆಚ್ಚು ಪಂದ್ಯ ಆಡಿ ಊರಿನ ಅಚ್ಚುಮೆಚ್ಚಾದ. ಯುದ್ಧ ಬಂದಾಗ ಅವನಿಗೆ ಇಪ್ಪತ್ತಾರು, ಆಟಗಾರನೊಬ್ಬನಿಗೆ ಉತ್ತಮ ವಯಸ್ಸು.

1914ರ ಆಗಸ್ಟಿನಲ್ಲಿ ಯುದ್ಧ ಸಾರಿದರೂ ಫುಟ್‌ಬಾಲ್ ಲೀಗ್ ನಿಲ್ಲಲಿಲ್ಲ. ಒಪ್ಪಂದದಿಂದ ಕಟ್ಟುಬಿದ್ದ ಆಟಗಾರರು ತಮ್ಮಿಷ್ಟದಂತೆ ಸೈನ್ಯ ಸೇರುವುದು ಸುಲಭವೂ ಆಗಿರಲಿಲ್ಲ. ಆದರೆ ಪತ್ರಿಕೆಗಳಲ್ಲಿ ಟೀಕೆಯ ಬಿರುಗಾಳಿ ಎದ್ದಿತು: ಹುಡುಗರು ಫ್ರಾನ್ಸಿನಲ್ಲಿ ಸಾಯುತ್ತಿರುವಾಗ ಇವರು ಚೆಂಡು ಒದೆಯುತ್ತಿದ್ದಾರೆಂದು. ಈ ಟೀಕಾಕಾರರಲ್ಲಿ ಬಹುತೇಕರು ರಗ್ಬಿ, ಕ್ರಿಕೆಟ್‌ಗಳ ಕುಲೀನ ವರ್ಗದವರು. ಫುಟ್‌ಬಾಲ್ ದುಡಿಯುವ ಜನರ ಆಟವಾಗಿದ್ದುದು ಅವರ ಸಿಟ್ಟಿಗೆ ಒಂದಿಷ್ಟು ಉಪ್ಪು ಖಾರ ಬೆರೆಸಿರಬೇಕು. ಡಿಸೆಂಬರ್ 15ರಂದು ಲಂಡನ್ನಿನ ಫುಲ್‌ಹ್ಯಾಂ ಪುರಭವನದ ಸಭೆಯಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ರೂಪುಗೊಂಡಿತು. ಜನ ಅದನ್ನು ‘ಫುಟ್‌ಬಾಲ್ ಬೆಟಾಲಿಯನ್’ ಎಂದೇ ಕರೆದರು. ಅದೇ ತಿಂಗಳು ಟಲ್ ಅದಕ್ಕೆ ಸೇರಿದ. ಸಾಮಾನ್ಯ ಸಿಪಾಯಿಯ ದಿನಗೂಲಿ ಒಂದು ಷಿಲ್ಲಿಂಗ್, ವಾರಕ್ಕೆ ಏಳು. ಫುಟ್‌ಬಾಲಿನ ನಾಲ್ಕು ಪೌಂಡೆಂದರೆ ಎಂಬತ್ತು ಷಿಲ್ಲಿಂಗ್.

1915ರ ನವೆಂಬರಿನಲ್ಲಿ ಬೆಟಾಲಿಯನ್ ಫ್ರಾನ್ಸ್ ತಲುಪಿತು. ಟಲ್ ಸಾರ್ಜೆಂಟ್ ಆದ. ಕಂದಕದ ಕೆಸರು, ಚಳಿ, ಷೆಲ್‌ಗಳ ಸದ್ದು. 1916ರ ಮೇ ತಿಂಗಳಲ್ಲಿ ಅವನ ಮನಸ್ಸು ಕುಸಿಯಿತು. ವೈದ್ಯರು ತೀವ್ರ ಉನ್ಮಾದ ಎಂದು ಬರೆದು ಆಸ್ಪತ್ರೆಗೆ, ಅಲ್ಲಿಂದ ಇಂಗ್ಲೆಂಡಿಗೆ ಕಳುಹಿಸಿದರು. ಇಂದು ನಾವು ಯುದ್ಧದ ಮಾನಸಿಕ ಆಘಾತವೆನ್ನುವುದನ್ನು ಹೇಡಿತನದಿಂದ ಬೇರ್ಪಡಿಸಿ ನೋಡಲು ಆ ಕಾಲದ ಸೇನಾಧಿಕಾರಿಗಳು ಇನ್ನೂ ಕಲಿಯುತ್ತಿದ್ದರು. ಸೆಪ್ಟೆಂಬರಿನಲ್ಲಿ ಟಲ್ ಮತ್ತೆ ಫ್ರಾನ್ಸಿಗೆ ಮರಳಿ, ಸೋಮ್ ಕದನದ ಕೊನೆಯ ಘಟ್ಟದಲ್ಲಿ ಹೋರಾಡಿದ. ಡಿಸೆಂಬರಿನಲ್ಲಿ ಕಂದಕ ಜ್ವರ ಹಿಡಿದು ಎರಡನೆಯ ಸಲ ಊರಿಗೆ ಬಂದ. ಅವನ ವೀರತನವನ್ನು ಕೊಂಡಾಡುವವರು ಪಿಯಾವೆ ನದಿಯ ದಾಳಿಯನ್ನೇ ಹೆಚ್ಚು ಹೇಳುತ್ತಾರೆ. ಕುಸಿದ ಮನಸ್ಸನ್ನು ಕಟ್ಟಿಕೊಂಡು ಅದೇ ಕಂದಕಕ್ಕೆ ಮರಳಿದ್ದೇ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಲ್ಲಿಂದ ನಿಯಮದ ಕಥೆ. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಲು, ಅಂದರೆ ಕಮಿಷನ್ ಪಡೆಯಲು, ಅಭ್ಯರ್ಥಿ ‘ಶುದ್ಧ ಯೂರೋಪಿಯನ್ ವಂಶ’ದವನಾಗಿರಬೇಕೆಂಬ ಷರತ್ತಿತ್ತು. ಟಲ್‌ನ ಮುಖ ನೋಡಿದ ಯಾರಿಗೂ ಆ ಷರತ್ತು ಅವನಿಗೆ ಅನ್ವಯಿಸುತ್ತದೆಯೇ ಎಂಬ ಅನುಮಾನ ಬರುವಂತಿರಲಿಲ್ಲ. ಆದರೂ ಮೇಲಧಿಕಾರಿಗಳು ಅವನ ಹೆಸರನ್ನು ಕಳುಹಿಸಿದರು. ಸ್ಕಾಟ್‌ಲ್ಯಾಂಡಿನ ಗೇಲ್ಸ್ ಎಂಬಲ್ಲಿ ತರಬೇತಿ ಪಡೆದು 1917ರ ಮೇ 30ರಂದು ಆತ ಸೆಕೆಂಡ್ ಲೆಫ್ಟಿನೆಂಟ್ ಆದ. ಗೇಲ್ಸ್‌ಗೆ ಗ್ಲಾಸ್ಗೋ ಹತ್ತಿರ, ಅಣ್ಣನ ಊರು. ಯುದ್ಧ ಮುಗಿದ ಮೇಲೆ ಅಲ್ಲಿನ ರೇಂಜರ್ಸ್ ತಂಡಕ್ಕೆ ಆಡುವುದೆಂದೂ ಆಗ ಮಾತಾಗಿತ್ತು.

ಮೂರು ವರ್ಷಗಳ ಯುದ್ಧದಲ್ಲಿ ಕಿರಿಯ ಅಧಿಕಾರಿಗಳು ಹುಳುಗಳಂತೆ ಸತ್ತಿದ್ದರು. ಜಾಗಗಳು ಖಾಲಿಯಿದ್ದವು. ಅಭಾವ ಬಂದಾಗ ಅರ್ಹತೆಯ ಗೆರೆ ಸರಿಯುವುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಟಲ್‌ನ ಯೋಗ್ಯತೆ ನಿಜ. ಆ ಯೋಗ್ಯತೆ ಕಣ್ಣಿಗೆ ಬೀಳಲು ಅಷ್ಟು ಸಾವುಗಳಾಗಬೇಕಾಯಿತು ಎಂಬುದೂ ನಿಜ.

ಬ್ರಿಟಿಷ್ ಸೈನ್ಯದ ಮೊದಲ ಕಪ್ಪು ಅಧಿಕಾರಿ ಎಂದು ಟಲ್‌ನನ್ನು ಬಣ್ಣಿಸುವ ರೂಢಿಯಿದೆ. ‘ಮೊದಲಿಗ’ ಎಂಬ ಪದವಿಯ ಬಗ್ಗೆ ನನಗೆ ಯಾವಾಗಲೂ ಸಂಶಯ. ಶಿಲಾನ್ಯಾಸದ ಕಲ್ಲುಗಳ ಮೇಲೆ ಅದನ್ನು ಬಹಳ ಸಲ ಕಂಡಿದ್ದೇನೆ. ಜಮೈಕಾ ಮೂಲದ ಜಾರ್ಜ್ ಬೆಮಂಡ್ 1915ರಲ್ಲೇ ಫಿರಂಗಿ ದಳದಲ್ಲಿ ಕಮಿಷನ್ ಪಡೆದು, ಮರುವರ್ಷ ಮಡಿದದ್ದು ಈಗ ಬೆಳಕಿಗೆ ಬಂದಿದೆ. ವೃತ್ತಿಪರ ಫುಟ್‌ಬಾಲಿನಲ್ಲೂ ಟಲ್‌ಗಿಂತ ಮುಂಚೆ ಆರ್ಥರ್ ವಾರ್ಟನ್ ಇದ್ದ. ಇದರಿಂದ ಟಲ್‌ನ ಘನತೆಗೆ ಏನೂ ಕುಂದಿಲ್ಲ.

ನಮಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿದೆ. ಅದೇ ಷರತ್ತಿನ ಆಚೆಗೆ ಭಾರತೀಯರೂ ನಿಂತಿದ್ದರು. 1914ರಿಂದಲೇ ಫ್ರಾನ್ಸಿನ ಕಂದಕಗಳಲ್ಲಿ ಭಾರತದ ಸಿಪಾಯಿಗಳು ಸಾಯುತ್ತಿದ್ದರು. ಆದರೆ ನೆರೆತ ಕೂದಲಿನ ಸುಬೇದಾರ್ ಮೇಜರ್ ಕೂಡ, ಶಾಲೆ ಬಿಟ್ಟು ನೇರ ಬಂದ ಇಂಗ್ಲಿಷ್ ಲೆಫ್ಟಿನೆಂಟನ ಕೈಕೆಳಗಿನವನೇ. ಭಾರತೀಯರಿಗೆ ಕಿಂಗ್ಸ್ ಕಮಿಷನ್ ಬಾಗಿಲನ್ನು ತೆರೆಯುವ ನಿರ್ಧಾರ ಪ್ರಕಟವಾದದ್ದು 1917ರ ಆಗಸ್ಟಿನಲ್ಲಿ, ಟಲ್‌ನ ಹೆಗಲಿಗೆ ನಕ್ಷತ್ರ ಬಿದ್ದ ಮೂರು ತಿಂಗಳಿಗೆ. ಆ ಬಾಗಿಲಿನಿಂದ ಒಳಹೋದ ಮೊದಲ ತಂಡಗಳಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಇದ್ದರು. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅವರು ಕಮಿಷನ್ ಪಡೆದರು. ಅವರಿಗೆ ತೆರೆದ ಬಾಗಿಲಿಗೆ ಒಂದು ಅಧಿಕೃತ ಘೋಷಣೆಯ ಆಧಾರವಿತ್ತು. ಹಾಗಾಗಿ ಅವರ ಹಿಂದೆ ಇತರರು ಬರಲು ಸಾಧ್ಯವಾಯಿತು. ಟಲ್‌ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಯುದ್ಧದ ನಂತರವೂ ‘ಶುದ್ಧ ಯೂರೋಪಿಯನ್ ವಂಶ’ದ ಷರತ್ತು ಬ್ರಿಟಿಷ್ ಸೈನ್ಯದ ಪುಸ್ತಕದಲ್ಲಿ ಉಳಿದೇ ಇತ್ತು. 1939ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯ, ಜಮೈಕಾ ಮೂಲದ ಹೆರಾಲ್ಡ್ ಮೂಡಿಯ ಮಗನಿಗೆ ಇದೇ ಕಾರಣಕ್ಕೆ ಕಮಿಷನ್ ನಿರಾಕರಿಸಲಾಯಿತು. ಮೂಡಿ ಬಿಡದೆ ಹೋರಾಡಿದ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಷರತ್ತು ಸಡಿಲವಾಯಿತು. ಅಂದರೆ, ಟಲ್ ಸತ್ತು ಇಪ್ಪತ್ತೊಂದು ವರ್ಷಗಳ ನಂತರ ಇನ್ನೊಬ್ಬ ಕಪ್ಪು ಯುವಕ ಅದೇ ಬಾಗಿಲನ್ನು ಮೊದಲಿನಿಂದ ತಟ್ಟಬೇಕಾಯಿತು.

ಅಧಿಕಾರಿಯಾಗಿ ಟಲ್ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 23ನೇ ಬೆಟಾಲಿಯನ್ ಸೇರಿ, 1917ರ ಕೊನೆಗೆ ಇಟಲಿಯ ರಣರಂಗಕ್ಕೆ ಹೋದ. 1918ರ ಹೊಸ ವರ್ಷದ ಮೊದಲ ರಾತ್ರಿ, ಇಪ್ಪತ್ತಾರು ಮಂದಿಯ ತಂಡದೊಂದಿಗೆ ಪಿಯಾವೆ ನದಿಯ ಹಿಮಗಟ್ಟುವ, ಸೆಳೆತದ ನೀರನ್ನು ದಾಟಿ ಶತ್ರುವಿನ ದಡದಲ್ಲಿ ದಾಳಿ ನಡೆಸಿ ಮರಳಿದ. ಒಬ್ಬನೂ ಸಾಯಲಿಲ್ಲ. ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವನ ಧೈರ್ಯ ಮತ್ತು ಸಮಚಿತ್ತವನ್ನು ಲಿಖಿತವಾಗಿ ಪ್ರಶಂಸಿಸಿದ. ಬೈಗುಳದ ನಡುವೆ ಬ್ರಿಸ್ಟಲ್‌ನಲ್ಲಿ ಕೆಡದಿದ್ದ ಸಮಚಿತ್ತವೇ ಇದು.

ಮಾರ್ಚ್‌ನಲ್ಲಿ ಬೆಟಾಲಿಯನ್ ಫ್ರಾನ್ಸಿಗೆ ಮರಳಿತು. ಅದೇ ತಿಂಗಳು 21ರಂದು ಜರ್ಮನರ ಭಾರೀ ಆಕ್ರಮಣ ಆರಂಭವಾಯಿತು. ಬ್ರಿಟಿಷ್ ಸಾಲುಗಳು ಒಡೆದು ಹಿಂದೆ ಸರಿಯತೊಡಗಿದವು. 25ರಂದು ಬಪೋಮ್ ಪಟ್ಟಣದ ಬಳಿಯ ಫಾವ್ರಿಯ ಎಂಬಲ್ಲಿ ಟಲ್ ಗುಂಡೇಟಿನಿಂದ ಬಿದ್ದ. ಬಿಲ್ಲಿಂಗ್‌ಹ್ಯಾಂ ಎಂಬ ಸಿಪಾಯಿ, ಲೆಸ್ಟರ್ ತಂಡದ ಹಳೆಯ ಗೋಲ್‌ಕೀಪರ್, ಗುಂಡಿನ ನಡುವೆ ಅವನನ್ನು ಹೊತ್ತು ತರಲು ಯತ್ನಿಸಿದ, ಆಗಲಿಲ್ಲ. ಹಿಂದೆಗೆತದ ಗದ್ದಲದಲ್ಲಿ ದೇಹ ಅಲ್ಲೇ ಉಳಿಯಿತು, ಮತ್ತೆ ಸಿಗಲಿಲ್ಲ.

ಕೆಲವು ದಿನಗಳ ನಂತರ ಸಹ ಅಧಿಕಾರಿ ಪಿಕಾರ್ಡ್, ಗ್ಲಾಸ್ಗೋದಲ್ಲಿದ್ದ ಎಡ್ವರ್ಡ್‌ಗೆ ಸಂತಾಪದ ಪತ್ರ ಬರೆದ. ವಾಲ್ಟರ್ ಬೆಟಾಲಿಯನ್ನಿಗೆಲ್ಲ ಬೇಕಾದವನಾಗಿದ್ದನೆಂದೂ, ಅವನಿಗೆ ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸಾಗಿತ್ತೆಂದೂ, ಅದಕ್ಕೆ ಅವನು ನಿಶ್ಚಯವಾಗಿ ಅರ್ಹನೆಂದೂ ಅದರಲ್ಲಿತ್ತು. ಪದಕ ಬರಲಿಲ್ಲ. 2018ರಲ್ಲಿ, ಸಾವಿನ ಶತಮಾನದ ವೇಳೆಗೆ, ನೂರಕ್ಕೂ ಹೆಚ್ಚು ಸಂಸತ್ ಸದಸ್ಯರು ಮರಣೋತ್ತರವಾಗಿ ಪದಕ ಕೊಡಬೇಕೆಂದು ಸರ್ಕಾರವನ್ನು ಕೋರಿದರು. ರಕ್ಷಣಾ ಇಲಾಖೆಯ ನಿಲುವು: ಅವನ ಸೇವಾ ಕಡತದಲ್ಲಿ ಅಂಥ ಶಿಫಾರಸಿನ ದಾಖಲೆ ಇಲ್ಲ, ಮೇಲಾಗಿ 1979ಕ್ಕೆ ಮುಂಚೆ ಮಿಲಿಟರಿ ಕ್ರಾಸನ್ನು ಮರಣೋತ್ತರವಾಗಿ ಕೊಡುವ ಪದ್ಧತಿ ಇರಲಿಲ್ಲ.

ಈ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನೇನು ಬರೆಯುತ್ತಿದ್ದೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಸೇವೆಯಲ್ಲಿದ್ದಾಗ ಇಲಾಖೆಯ ಉತ್ತರವನ್ನೇ ಬರೆಯುತ್ತಿದ್ದೆನೇನೋ. ಸಂತಾಪದ ಪತ್ರ ಶಿಫಾರಸಲ್ಲ. ಸತ್ತವರ ಮನೆಗೆ ಬರೆಯುವಾಗ ಯಾರ ಲೇಖನಿಯೂ ಒಂದಿಷ್ಟು ಉದಾರವಾಗುತ್ತದೆ. ಒಬ್ಬನಿಗೆ ನೂರು ವರ್ಷ ಹಿಂದಕ್ಕೆ ಹೋಗಿ ಕೊಟ್ಟರೆ ಉಳಿದವರ ಅರ್ಜಿಗಳಿಗೆ ಏನು ಉತ್ತರ? ಇವೆಲ್ಲ ಸರಿಯಾದ ಆಕ್ಷೇಪಗಳೇ.

ನಿವೃತ್ತನಾದ ಮೇಲೆ ಇನ್ನೊಂದು ಬದಿಯೂ ಕಾಣುತ್ತದೆ. ಸರ್ಕಾರಕ್ಕೆ ಮನಸ್ಸಿದ್ದಾಗ ಹಳೆಯ ಪುಟಗಳು ತೆರೆದುಕೊಂಡಿವೆ. ಹೇಡಿತನ ಮತ್ತು ಪಲಾಯನದ ಆರೋಪದ ಮೇಲೆ ಆ ಯುದ್ಧದಲ್ಲಿ ತಮ್ಮದೇ ಸೈನ್ಯದ ಗುಂಡಿಗೆ ಬಲಿಯಾದ 306 ಮಂದಿಯನ್ನು ಬ್ರಿಟನ್ 2006ರಲ್ಲಿ ಕಾನೂನು ಮಾಡಿ ಕ್ಷಮಿಸಿತು. ಆಗ ಒಬ್ಬೊಬ್ಬರ ಕಡತದಲ್ಲೂ ಸಾಕ್ಷ್ಯ ಹುಡುಕುತ್ತ ಕೂರಲಿಲ್ಲ. ಟಲ್‌ನ ವಿಷಯದಲ್ಲಿ ಮಾತ್ರ ಕಾಗದ ಬೇಕಾಯಿತು. ಅವನನ್ನು ಅಧಿಕಾರಿ ಮಾಡುವಾಗ ಪುಸ್ತಕದ ಮಾತು ಕೇಳದ ಸೈನ್ಯ, ಪದಕದ ವಿಷಯ ಬಂದಾಗ ಪುಸ್ತಕವನ್ನು ಎದೆಗೊತ್ತಿಕೊಂಡು ಕುಳಿತಿದೆ. ನನ್ನ ಬರಗಾಲದ ಮೇಲ್ವಿಚಾರಕನ ಪಿಂಚಣಿ ಕೊನೆಗೂ ಮಂಜೂರಾಯಿತು. ಅದಕ್ಕೆ ಒಬ್ಬ ಅಧಿಕಾರಿ, ಆಡಿಟ್ ಆಕ್ಷೇಪದ ಕೆಳಗೆ, ನೇಮಕದ ದಿನ ಇಲಾಖೆ ಮಾಡಿದ ತಪ್ಪಿಗೆ ನೌಕರ ಹೊಣೆಯಲ್ಲವೆಂದು ಎರಡು ಸಾಲು ಬರೆದು ಸಹಿ ಹಾಕಿದ್ದೇ ಕಾರಣ. ನಿಯಮದ ಯಾವ ಉಪವಿಧಿಯೂ ಆ ಎರಡು ಸಾಲಿನಲ್ಲಿ ಇರಲಿಲ್ಲ.

ಇನ್ನೊಂದು ಮಾತು. ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಆ ಯುದ್ಧದಲ್ಲಿ ಸತ್ತ ಆಫ್ರಿಕಾ ಮತ್ತು ಏಷ್ಯಾದ ಕನಿಷ್ಠ ಒಂದು ಲಕ್ಷ ಹದಿನಾರು ಸಾವಿರ ಜನರ ಹೆಸರು ಯಾವ ಸ್ಮಾರಕದಲ್ಲೂ ಇಲ್ಲವೆಂದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರಲ್ಲಿ ತಾನೇ ವರದಿ ಮಾಡಿತು; ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೋರಿತು. ಅವರಿಗೆ ಹೋಲಿಸಿದರೆ ಟಲ್ ಅದೃಷ್ಟವಂತನೆನ್ನಬೇಕು. ಸಮಾಧಿಯಿಲ್ಲದಿದ್ದರೂ, ಫ್ರಾನ್ಸಿನ ಅರಾಸ್ ಸ್ಮಾರಕದ ಗೋಡೆಯ ಮೇಲೆ, ದೇಹ ಸಿಗದ ಸುಮಾರು ಮೂವತ್ತೈದು ಸಾವಿರ ಮಂದಿಯ ನಡುವೆ ಅವನ ಹೆಸರಿದೆ, ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟರ ಸಾಲಿನಲ್ಲಿ. ಪದಕ ಪಡೆದವರ ಹೆಸರಿನ ಮುಂದೆ ಅಲ್ಲಿ ಎಂ.ಸಿ. ಎಂಬ ಅಕ್ಷರಗಳನ್ನು ಕೊರೆದಿರುತ್ತಾರೆ. ಅವನ ಹೆಸರಿನ ಮುಂದೆ ಕಲ್ಲು ನುಣ್ಣಗಿದೆ.